ತುದಿಯಲ್ಲಿ ನಿಂತವರು ದಪ್ಪಗಾದದ್ದೇಕೆ?

ಶಾಲೆಯ ಗ್ರೂಪ್ ಫೋಟೋ ನೋಡಿ. ಪಕ್ಕದ ಕಂಬ ಬಾಗಿದೆ, ತುದಿಯಲ್ಲಿ ನಿಂತ ಹುಡುಗಿಯ ಮುಖ ಅಗಲವಾಗಿದೆ. ಎರಡಕ್ಕೂ ಕಾರಣ ಬೇರೆ ಬೇರೆ.

ವಿಶಾಲಕೋನ ಮಸೂರದ ವರ್ಧನೆ ಸಾಮಾನ್ಯವಾಗಿ ಚಿತ್ರದ ನಡುವಿಗಿಂತ ಅಂಚಿನಲ್ಲಿ ಕಡಿಮೆ. ಹಾಗಾಗಿ ಅಂಚಿನ ನೇರ ಗೆರೆಗಳು ಪೀಪಾಯಿಯ ಮೈಯಂತೆ ಹೊರಕ್ಕೆ ಉಬ್ಬುತ್ತವೆ. ಇದರಿಂದ ಚಿತ್ರ ಮಸುಕಾಗುವುದಿಲ್ಲ, ಬಿಂದುಗಳು ಜಾಗ ಬದಲಿಸುತ್ತವೆ ಅಷ್ಟೆ. ಆದ್ದರಿಂದಲೇ ಕಂಪ್ಯೂಟರ್ ಲೆಕ್ಕ ಹಾಕಿ ಅವನ್ನು ಸ್ವಸ್ಥಾನಕ್ಕೆ ತರಬಲ್ಲದು.

ಮುಖದ ವಿಷಯದಲ್ಲಿ ಮಸೂರ ನಿರ್ದೋಷಿ! ಬದಿಯಿಂದ ಓರೆಯಾಗಿ ಬಂದ ಬೆಳಕು ಸಮತಟ್ಟಾದ ಫಲಕದ ಮೇಲೆ ಹೆಚ್ಚು ಹರಡಿಕೊಳ್ಳುತ್ತದೆ. ಕಂಬವನ್ನು ನೆಟ್ಟಗಾಗಿಸುವ ತಿದ್ದುಪಡಿ ಮುಖವನ್ನು ಇನ್ನಷ್ಟು ಹಿಗ್ಗಿಸುತ್ತದೆ! ಪರಿಹಾರ ಸುಲಭ: ಛಾಯಾಗ್ರಾಹಕರು ಹತ್ತು ಹೆಜ್ಜೆ ಹಿಂದೆ ಸರಿದು, ಜೂಮ್ ಮಾಡಿ ತೆಗೆಯಲಿ. ಫೋಟೋ ನೋಡಿ ಹುಡುಗಿ ಊಟ ಬಿಡಬೇಕಾಗಿಲ್ಲ.