ಕಂಪ್ಯೂಟರಿಗೂ ಮರೆವು ಬಂದರೆ...



ಹೋದ ತಿಂಗಳು ಓದುಗರೊಬ್ಬರಿಂದ ನಾಲ್ಕು ಪುಟದ ಪತ್ರ ಬಂದಿತ್ತು. ಊರು ಚಿಕ್ಕದು, ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಮಗ ಓದುತ್ತಿದ್ದಾಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ಆರಿಸಿ ತಂದು ಮನೆಯಲ್ಲೇ ಒಂದು ಕಂಪ್ಯೂಟರ್ ಜೋಡಿಸಿದ್ದನಂತೆ. ಅವನಿಗೆ ದೂರದಲ್ಲಿ ಕೆಲಸ ಸಿಕ್ಕ ಮೇಲೆ ಅದು ಇವರ ಪಾಲಿಗೆ ಬಂತು. ಬ್ಲೌಸ್ ಹೊಲಿಗೆಯ ಲೆಕ್ಕ, ಜೊತೆಗೆ 18 ಮಂದಿ ಹೆಂಗಸರ ಉಳಿತಾಯ ಸಂಘದ ಲೆಕ್ಕ, ಎಲ್ಲಾ ಅದರಲ್ಲೇ.

ಈಗ ಆ ಯಂತ್ರ ಹಟ ಹಿಡಿದಿದೆ. ನಡುನಡುವೆ ನೀಲಿ ಪರದೆ ತೋರಿಸಿ ತಾನೇ ಆರಿ ಹತ್ತುತ್ತದೆ. ಸಂಘದ ಫೈಲ್ ತೆರೆಯಹೋದರೆ 'ಹಾಳಾಗಿದೆ' ಎನ್ನುತ್ತದೆ. ಯಜಮಾನರು "ನೀನೇ ಏನೋ ಒತ್ತಿರಬೇಕು" ಅಂದರಂತೆ. ಅದನ್ನಾದರೂ ಸಹಿಸಬಹುದು. ಸಭೆಯಲ್ಲಿ "ಲೆಕ್ಕ ತೆರೀತಾ ಇಲ್ಲ" ಅಂದಾಗ ಇಬ್ಬರು ಮುಖ ಮುಖ ನೋಡಿಕೊಂಡರಂತೆ. "ಅಕ್ಕಾ, ಆ ನೋಟ ಇನ್ನೂ ಚುಚ್ಚುತ್ತಿದೆ" ಎಂದು ಬರೆದಿದ್ದಾರೆ.

ತಂಗೀ, ಮೊದಲು ಕಣ್ಣೊರೆಸಿಕೊಳ್ಳಿ. ಗುಂಡಿ ಒತ್ತಿದ ಮಾತ್ರಕ್ಕೆ ಯಂತ್ರಕ್ಕೆ ಹೀಗೆ ಮಂಕು ಕವಿಯುವುದಿಲ್ಲ. ಒಂದೊಂದು ಸಲ ಒಂದೊಂದು ಬಗೆಯ ದೋಷ ಹೇಳುವುದು, ನೆಟ್ಟಗಿದ್ದ ಫೈಲ್ ಕೆಡುವುದು, ಕಾರಣವಿಲ್ಲದೆ ಆರಿ ಹತ್ತುವುದು, ಇವೆಲ್ಲ ಸೇರಿ ಬಂದಾಗ ಮೊದಲು ಅನುಮಾನಿಸಬೇಕಾದದ್ದು ಮೆಮೊರಿಯನ್ನು, ಅಂದರೆ ರ‍್ಯಾಮ್ ಎಂಬ ಪಟ್ಟಿಗಳನ್ನು.

ರ‍್ಯಾಮ್ ಅಂದರೇನು ಅಂತೀರಾ? ಹಾರ್ಡ್ ಡಿಸ್ಕ್ ನಮ್ಮ ಉಗ್ರಾಣವಾದರೆ ರ‍್ಯಾಮ್ ಒಲೆಯ ಪಕ್ಕದ ಕಟ್ಟೆ. ಅಡಿಗೆಗೆ ಬೇಕಾದದ್ದನ್ನು ಉಗ್ರಾಣದಿಂದ ತೆಗೆದು ಕಟ್ಟೆಯ ಮೇಲೆ ಹರಡಿಕೊಳ್ಳುತ್ತೇವಲ್ಲ, ಹಾಗೆ. ಇಂದಿನ ರ‍್ಯಾಮ್‌ನಲ್ಲಿ ಒಂದೊಂದು ಅಂಶವೂ ಅತಿ ಪುಟ್ಟ ಕೋಶದಲ್ಲಿ ವಿದ್ಯುತ್ತಾಗಿ ನಿಂತಿರುತ್ತದೆ. ಈ ಉಪಾಯಕ್ಕೆ 1968ರಲ್ಲಿ ಐಬಿಎಂ ಕಂಪನಿಯ ರಾಬರ್ಟ್ ಡೆನ್ನಾರ್ಡ್ ಅವರಿಗೆ ಪೇಟೆಂಟ್ ಸಿಕ್ಕಿತು. ತಮಾಷೆಯೆಂದರೆ ಆ ಕೋಶಗಳೆಲ್ಲ ಸೋರುವ ಕೊಡಗಳು! ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿಯೊಂದನ್ನೂ ಒಮ್ಮೆ ಓದಿ ಮತ್ತೆ ತುಂಬುತ್ತಲೇ ಇರಬೇಕು. ಕೋಟಿಗಟ್ಟಲೆ ಕೊಡಗಳಲ್ಲಿ ಒಂದು ಬಿರುಕುಬಿಟ್ಟರೂ ಲೆಕ್ಕ ಕೆಟ್ಟೀತು. 1978ರಲ್ಲಿ ಇಂಟೆಲ್ ಕಂಪನಿಯ ತಿಮೊಥಿ ಮೇ ಮತ್ತು ಮರ್ರೆ ವುಡ್ಸ್ ಇನ್ನೊಂದು ಸಂಗತಿ ತೋರಿಸಿಕೊಟ್ಟರು. ಚಿಪ್ಪಿನ ಹೊದಿಕೆಯಲ್ಲಿದ್ದ ಅತ್ಯಲ್ಪ ವಿಕಿರಣ ವಸ್ತುಗಳಿಂದ ಹೊಮ್ಮುವ ಆಲ್ಫಾ ಕಣಗಳೇ ಮೆಮೊರಿಯಲ್ಲಿ ತಪ್ಪು ಹುಟ್ಟಿಸಬಲ್ಲವು ಎಂದು. ಅಂದಮೇಲೆ ಪಾಪ, ಮನೆಯಾಕೆಯ ಬೆರಳಿನ ಮೇಲೇಕೆ ದೂರು?

ಇನ್ನು ಪರೀಕ್ಷೆಯ ಕ್ರಮ. ಆತುರ ಬೇಡ. ಹಪ್ಪಳ ಒಣಗಿಸುವಷ್ಟೇ ತಾಳ್ಮೆ ಸಾಕು.

1. ಮೊದಲು ಕೈ ತಡೆಯಿರಿ. ಅನುಮಾನ ಬಂದೊಡನೆ ಲೆಕ್ಕ ಬರೆಯುವುದನ್ನು ನಿಲ್ಲಿಸಿ. ಪೆನ್ ಡ್ರೈವ್‌ನಲ್ಲಿ ಹಳೆಯ ಪ್ರತಿ ಇದ್ದರೆ ಅದರ ಮೇಲೆ ಹೊಸದನ್ನು ಬರೆಯಲೇಬೇಡಿ. ಕೆಟ್ಟ ಮೆಮೊರಿಯ ಮೂಲಕ ಹಾದುಹೋದ ಫೈಲ್ ತಾನೂ ಕೆಟ್ಟಿರಬಹುದು. ಹುಳಿತ ಹಾಲನ್ನು ಒಳ್ಳೆಯ ಹಾಲಿಗೆ ಬೆರೆಸಿದಂತಾದೀತು. ವಿಂಡೋಸ್ ಮತ್ತೆ ಹಾಕಿಸುವ ಅವಸರವೂ ಈಗ ಬೇಡ.

2. ಪರೀಕ್ಷೆಗೆ ಹಚ್ಚಿ. ವಿಂಡೋಸ್‌ನ ಹುಡುಕುವ ಜಾಗದಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್' ಎಂದು ಇಂಗ್ಲಿಷಿನಲ್ಲಿ ಬರೆದರೆ ಒಂದು ಸಾಧನ ಸಿಗುತ್ತದೆ. ಆದರೆ ಅದರ ಕಣ್ಣಿಗೆ ಬೀಳದ ದೋಷಗಳೂ ಇರುತ್ತವೆ. 'ಮೆಮ್‌ಟೆಸ್ಟ್86 ಪ್ಲಸ್' ಎಂಬ ಉಚಿತ ಪ್ರೋಗ್ರಾಂ ಮೇಲು. ಅದನ್ನು ಬೇರೆ ಒಳ್ಳೆಯ ಕಂಪ್ಯೂಟರಿನಲ್ಲಿ ಪೆನ್ ಡ್ರೈವ್‌ಗೆ ಹಾಕಿಸಿಕೊಳ್ಳಿ. ಹಾಗೆ ಮಾಡುವಾಗ ಡ್ರೈವ್‌ನಲ್ಲಿದ್ದುದೆಲ್ಲ ಅಳಿಸಿಹೋಗಬಹುದು. ಮಗಳ ಮದುವೆಯ ಫೋಟೋ ಇರುವುದನ್ನು ಕೊಟ್ಟೀರಿ, ಜೋಕೆ! ಆ ಡ್ರೈವ್‌ನಿಂದಲೇ ಯಂತ್ರ ಶುರುಮಾಡಿ ರಾತ್ರಿಯಿಡೀ ಬಿಟ್ಟುಬಿಡಿ. ಬೆಳಗ್ಗೆ ಕೆಂಪು ಸಾಲುಗಳು ಕಂಡರೆ ದೋಷವಿದೆ ಎಂದರ್ಥ. ಒಂದೇ ಒಂದು ತಪ್ಪು ಕಂಡರೂ 'ಹೋಗಲಿ ಬಿಡು' ಅನ್ನಬೇಡಿ.

3. ವೇಗ ಇಳಿಸಿ. ಮನೆಯಲ್ಲಿ ಕಂಪ್ಯೂಟರ್ ಜೋಡಿಸುವ ಹುಡುಗರಿಗೆ ಮೆಮೊರಿಯನ್ನು ಹೆಚ್ಚು ವೇಗದಲ್ಲಿ ಓಡಿಸುವ ಆಸೆ. ಬಯೋಸ್‌ನಲ್ಲಿ 'ಎಕ್ಸ್‌ಎಂಪಿ' ಅಥವಾ 'ಎಕ್ಸ್‌ಪೋ' ಎಂಬ ಏರ್ಪಾಟು ಹಾಕಿರುತ್ತಾರೆ. ಅದನ್ನು ತೆಗೆದು ಮೊದಲಿನ ಏರ್ಪಾಟಿಗೆ ತಂದು ಮತ್ತೆ ಪರೀಕ್ಷಿಸಿ. ತಪ್ಪು ಮಾಯವಾದರೆ ಖರ್ಚಿಲ್ಲದೆ ಗೆದ್ದಿರಿ. ಸ್ವಲ್ಪ ನಿಧಾನವಾದರೂ ಚಿಂತೆಯಿಲ್ಲ, ಲೆಕ್ಕಕ್ಕೆ ಅಷ್ಟು ಸಾಕು.

4. ಪಟ್ಟಿಗಳನ್ನು ತೆಗೆದು ಕೂರಿಸಿ. ಯಂತ್ರ ಆರಿಸಿ, ಪ್ಲಗ್ಗನ್ನೇ ಕೀಳಿ. ಆಮೇಲೆ ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದರೆ ಉಳಿದ ವಿದ್ಯುತ್ತು ಹೋಗುತ್ತದೆ. ಅಂದು ನೈಲಾನ್ ಸೀರೆ ಬೇಡ, ನೂಲಿನದು ಉಡಿ. ಸಿಂಥೆಟಿಕ್ ಬಟ್ಟೆಯ ಚಟಪಟ ಕಿಡಿ ನಮಗೆ ಆಟ, ಚಿಪ್ಪಿಗೆ ಪ್ರಾಣಸಂಕಟ. ಬಣ್ಣವಿಲ್ಲದ ಲೋಹದ ಭಾಗವನ್ನು ಆಗಾಗ ಮುಟ್ಟುತ್ತಿರಿ. ಪಟ್ಟಿಯ ತುದಿಯ ಚಿಲಕ ಸಡಿಲಿಸಿ, ಅಂಚು ಹಿಡಿದು ಮೇಲಕ್ಕೆತ್ತಿ. ಚಿನ್ನದ ಬಣ್ಣದ ಹಲ್ಲುಗಳನ್ನು ಬೆರಳಿನಿಂದ ಮುಟ್ಟಬೇಡಿ. ಅವು ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ, ಎಳೆ ಬಿಡದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಒಣಗಲು ಬಿಡಿ. ಕೂರಿಸುವಾಗ ಪಟ್ಟಿಯ ಕಚ್ಚು ಹಳ್ಳಕ್ಕೆ ಸರಿಯಾಗಿ ಹೊಂದಬೇಕು. 'ಟಕ್' ಎಂದು ಚಿಲಕ ಬೀಳುವವರೆಗೆ ಸಮನಾಗಿ ಒತ್ತಿ. ಎಷ್ಟೋ ಸಲ ಇಷ್ಟರಿಂದಲೇ ಗುಣವಾಗುವುದುಂಟು. ವಿದ್ಯುತ್ ಪೂರೈಸುವ ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯವಿರುತ್ತದೆ.

5. ಒಂದೊಂದನ್ನೇ ಪರೀಕ್ಷಿಸಿ. ಎರಡು ಪಟ್ಟಿಗಳಿದ್ದರೆ ಒಂದನ್ನು ತೆಗೆದಿಟ್ಟು, ಇನ್ನೊಂದನ್ನು ಮಾತ್ರ ಹಾಕಿ ರಾತ್ರಿ ನೋಡಿ. ಮಾರನೆಯ ರಾತ್ರಿ ಅದೇ ಜಾಗಕ್ಕೆ ಮತ್ತೊಂದು. ಒಂದು ಪಾಸಾಗಿ ಇನ್ನೊಂದು ಫೇಲಾದರೆ ಕಳ್ಳ ಸಿಕ್ಕಂತೆಯೇ. ಒಳ್ಳೆಯ ಪಟ್ಟಿಯನ್ನು ಬೇರೆ ಜಾಗಕ್ಕೆ ಹಾಕಿದಾಗ ಮಾತ್ರ ತಪ್ಪು ಬಂದರೆ ದೋಷ ಆ ಜಾಗದ್ದು ಅಥವಾ ಮದರ್‌ಬೋರ್ಡಿನದು. ಯಾವುದನ್ನು ಎಲ್ಲಿ ಹಾಕಿದರೂ ತಪ್ಪೇ ಬಂದರೆ ಪವರ್ ಸಪ್ಲೈ, ಪ್ರೊಸೆಸರ್, ಬೋರ್ಡು ಇವುಗಳ ಕಡೆ ನೋಡಬೇಕು. ಅದು ತಿಳಿದವರ ಕೆಲಸ. ಪ್ರತಿ ರಾತ್ರಿ ಏನು ಹಾಕಿದಿರಿ, ಏನು ಕಂಡಿತು ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಡಿ, ಹಾಲಿನ ಲೆಕ್ಕದ ಹಾಗೆ. ಅಂಗಡಿಯವರು ಅಡ್ಡಮಾತು ಆಡಿದಾಗ ಅದೇ ನಿಮ್ಮ ಸಾಕ್ಷಿ.

6. ಕೊಳ್ಳುವ ಮುಂಚೆ ಬಿಲ್ ಹುಡುಕಿ. ಅನೇಕ ಕಂಪನಿಗಳು ರ‍್ಯಾಮ್‌ಗೆ ಹಲವು ವರ್ಷಗಳ ವಾರಂಟಿ ಕೊಡುತ್ತವೆ. ಜೋಡಿಯಾಗಿ ಕೊಂಡದ್ದಾದರೆ ಎರಡನ್ನೂ ಕಳಿಸಲು ಹೇಳಬಹುದು. ಹೊಸದನ್ನು ಕೊಳ್ಳುವುದಾದರೆ ಹಳೆಯ ಪಟ್ಟಿಯನ್ನೇ ಜೊತೆಗೆ ಒಯ್ಯಿರಿ. ಡಿಡಿಆರ್4 ಜಾಗದಲ್ಲಿ ಡಿಡಿಆರ್5 ಕೂರುವುದಿಲ್ಲ. ಹೊಸದನ್ನೂ ಒಂದು ರಾತ್ರಿ ಪರೀಕ್ಷಿಸಿದ ಮೇಲೆಯೇ ಲೆಕ್ಕಕ್ಕೆ ಕೈಹಾಕಿ.

ಈ ಕ್ರಮವನ್ನೆಲ್ಲ ಬರೆದು ಆ ಸೋದರಿಗೆ ಕಳಿಸಿದ್ದೆ. ಅಂಕಣ ಮುಗಿಸುವ ಹೊತ್ತಿಗೆ ಅವರ ಎರಡನೆಯ ಪತ್ರ ಬಂತು. ಮೊದಲ ಪಟ್ಟಿ ರಾತ್ರಿಯೆಲ್ಲ ಓಡಿ ತಪ್ಪಿಲ್ಲದೆ ಪಾಸಾಯಿತಂತೆ. ಎರಡನೆಯದು ಹಾಕಿದ ಅರ್ಧ ಗಂಟೆಯಲ್ಲೇ ಪರದೆ ತುಂಬ ಕೆಂಪು! ಕೆಟ್ಟದ್ದನ್ನು ತೆಗೆದಿಟ್ಟು ಒಂದೇ ಪಟ್ಟಿಯಲ್ಲಿ ಕೆಲಸ ನಡೆಸುತ್ತಿದ್ದಾರೆ. ಸಂಘದ ಹಾಳಾದ ಫೈಲ್ ತೆರೆಯಲೇ ಇಲ್ಲ. ಆದರೆ ದೀಪಾವಳಿಯಲ್ಲಿ ಪೆನ್ ಡ್ರೈವ್‌ಗೆ ತೆಗೆದಿಟ್ಟ ಪ್ರತಿ ಇತ್ತು. ಆಮೇಲಿನದನ್ನು ರಸೀತಿ ಪುಸ್ತಕ ನೋಡಿ, ಎರಡು ಮಧ್ಯಾಹ್ನ ಕೂತು ಮತ್ತೆ ಬರೆದರಂತೆ. ಮೊತ್ತ ಪೈಸೆಗೆ ಪೈಸೆ ತಾಳೆಯಾಯಿತು.

ಕೆಂಪು ಪರದೆಯ ಫೋಟೋವನ್ನೂ ರಸೀತಿ ಪುಸ್ತಕವನ್ನೂ ಸಭೆಯಲ್ಲಿ ಇಟ್ಟರಂತೆ. ಆ ಇಬ್ಬರಲ್ಲಿ ಒಬ್ಬಾಕೆ "ತಪ್ಪು ತಿಳ್ಕೊಂಡೆ ಕಣ್ರೀ" ಅಂದಳು. ಇನ್ನೊಬ್ಬಾಕೆ ಏನೂ ಅನ್ನಲಿಲ್ಲ, ಸಂಜೆ ಮಗನ ಕೈಯಲ್ಲಿ ಒಂದು ಡಬ್ಬಿ ಕೋಡುಬಳೆ ಕಳಿಸಿದಳು. ಯಜಮಾನರು? "ಪ್ಲಗ್ ಕಿತ್ತಿದ್ದೀಯ ತಾನೇ?" ಎಂದು ಟಾರ್ಚ್ ಹಿಡಿದು ನಿಂತಿದ್ದರಂತೆ. ಅಷ್ಟಾದರೂ ಆಯಿತಲ್ಲ!

ನೀವೂ ಒಂದು ಅಭ್ಯಾಸ ಇಟ್ಟುಕೊಳ್ಳಿ. ತಿಂಗಳ ಮೊದಲ ದಿನ ಲೆಕ್ಕದ ಪ್ರತಿಯೊಂದನ್ನು ಬೇರೆ ಕಡೆ ತೆಗೆದಿಡಿ, ಹಿಂದಿನ ತಿಂಗಳದ್ದನ್ನು ಅಳಿಸಬೇಡಿ. ಬೇರೆಯವರ ದುಡ್ಡಿನ ಲೆಕ್ಕವಾದರೆ ಕಾಗದದ ಮೇಲೂ ಒಂದು ಸಾಲು ಇರಲಿ.