ಹಂದಿಗೆ ಮುಸುಕಿನ ಜೋಳವೇ ಆಗಬೇಕೆ?



ಕಾಫಿ, ಅಡಿಕೆ, ಮೆಣಸಿನ ಜೊತೆಗೆ ಹಿತ್ತಲಲ್ಲಿ ನಾಲ್ಕಾರು ಹಂದಿ ಸಾಕುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಹಿಂದೆ ಇವು ಹೋಟೆಲಿನ ಮುಸುರೆಯಲ್ಲೇ ಬೆಳೆಯುತ್ತಿದ್ದವು. 2020ರಲ್ಲಿ ಅಸ್ಸಾಮಿನಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡ ಮೇಲೆ ಬೇಯಿಸದ ಮುಸುರೆ ಹಾಕುವ ಧೈರ್ಯ ತಿಳಿದವರಿಗೆ ಉಳಿದಿಲ್ಲ. ಹೀಗಾಗಿ ಎಲ್ಲರ ಕಣ್ಣೂ ಮುಸುಕಿನ ಜೋಳದ ಮೇಲೆ.

ಜೋಳದ ಬೆಲೆಯಾದರೋ ನಮ್ಮ ಕಾಫಿ ಬೆಲೆಯಂತೆಯೇ. ಎಥನಾಲ್ ಕಾರ್ಖಾನೆಗಳ ಬೇಡಿಕೆಯಿಂದ 2024ರಲ್ಲಿ ಏರಿತು. 2025ರ ಕೊನೆಯಲ್ಲಿ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆಗಿಂತಲೂ ಕೆಳಗೆ ಬಿದ್ದು, ಬೆಳೆದ ರೈತರು ಬೀದಿಗಿಳಿದರು. ಅಗ್ಗವಿದ್ದಾಗ ಜೋಳವನ್ನೇ ಹಾಕೋಣ. ಏರಿದಾಗ ಏನು ಮಾಡಬೇಕೆಂಬುದೇ ಪ್ರಶ್ನೆ.

ನನ್ನ ಅಭಿಪ್ರಾಯದಲ್ಲಿ ಮೊದಲ ಬದಲಿ ಅಕ್ಕಿನುಚ್ಚು. ಶಕ್ತಿಯಲ್ಲಿ ಜೋಳಕ್ಕೆ ಸರಿಸಮ, ನಾರು ಕಡಿಮೆ, ಕೊಬ್ಬು ಗಟ್ಟಿಯಾಗಿ ಬರುತ್ತದೆ. ಹಳದಿ ಜೋಳದಲ್ಲಿರುವ ಎ ಜೀವಸತ್ವದ ಮೂಲವಸ್ತು ನುಚ್ಚಿನಲ್ಲಿಲ್ಲ. ಹಸಿರು ಸೊಪ್ಪು ಹಾಕಿದರಾಯಿತು. ರಾಗಿಯಲ್ಲಿ ಸುಣ್ಣದ ಅಂಶ ಬೇರೆ ಧಾನ್ಯಗಳ ಹತ್ತರಷ್ಟಿದೆ, ನಿಜ. ಆದರೆ 2025-26ರಲ್ಲಿ ಅದರ ಬೆಂಬಲ ಬೆಲೆಯೇ 4,886 ರೂಪಾಯಿ. ಅದು ನಮ್ಮ ಮುದ್ದೆಗಿರಲಿ. ಅಗ್ಗಕ್ಕೆ ಸಿಕ್ಕಿದರೆ ಮಾತ್ರ ಹಾಕಬಹುದು, ಅದನ್ನೂ ಹಿಟ್ಟು ಮಾಡಿಯೇ. ಇಡೀ ಕಾಳು ಹೊಟ್ಟೆಗೆ ಹೋದಂತೆಯೇ ಹೊರಬರುತ್ತದೆ. ಕೆಂಪು ಜೋಳದ ಕೆಲವು ತಳಿಗಳಲ್ಲಿ ಒಗರು ಹೆಚ್ಚು, ಜೀರ್ಣ ಕಡಿಮೆ. ತೌಡು ಒಳ್ಳೆಯದೇ, ಆದರೆ ಎಣ್ಣೆ ತೆಗೆಯದ ತೌಡು ಮಳೆಗಾಲದಲ್ಲಿ ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ. ಹೊಟ್ಟು ಬೀಸಿ ಬೆರೆಸಿದ್ದನ್ನು ತೌಡೆಂದು ಮಾರುವವರೂ ಇದ್ದಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಮಾಡಿದ ತಪ್ಪನ್ನೇ ನೀವೂ ಮಾಡುತ್ತೀರಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವನಾದರೂ ಒಂದು ಮಳೆಗಾಲ ಜೋಳದ ಬದಲು ನುಚ್ಚು ಹಾಕಿ, ಉಳಿತಾಯದ ಉತ್ಸಾಹದಲ್ಲಿ ಸೋಯಾ ಹಿಂಡಿಯನ್ನೂ ಅರ್ಧಕ್ಕಿಳಿಸಿದೆ. ಮರಿಗಳು ನೋಡಲು ದುಂಡಗಾದವು, ತೂಕ ಬರಲಿಲ್ಲ. ಕೊಳ್ಳಲು ಬಂದವನು ಬೆನ್ನು ಒತ್ತಿ ನೋಡಿ, "ಎಲ್ಲಾ ಕೊಬ್ಬು ಸಾರ್" ಎಂದು ಬೆಲೆ ಇಳಿಸಿದ. ನಮ್ಮ ಮನೆಯವರಂತೂ ಆ ವರ್ಷ ನನ್ನ ಲೆಕ್ಕಪುಸ್ತಕದ ಸುದ್ದಿ ತೆಗೆದಾಗಲೆಲ್ಲ ನಕ್ಕರು.

ಕಾರಣ ಸರಳ. ಬೆಳೆಯುವ ಹಂದಿಯ ಆಹಾರದಲ್ಲಿ ಶೇಕಡ 16ರಷ್ಟು ಸಸಾರಜನಕ ಬೇಕು. ಜೋಳ, ನುಚ್ಚು, ರಾಗಿ ಯಾವುದರಲ್ಲೂ ಇರುವುದು 7ರಿಂದ 9 ಮಾತ್ರ. ಅದಕ್ಕಿಂತ ಮುಖ್ಯವಾದ ಕೊರತೆ ಲೈಸಿನ್ ಎಂಬ ಅಂಶದ್ದು. ಅದಿಲ್ಲದೆ ಮಾಂಸ ಕಟ್ಟುವುದಿಲ್ಲ, ತಿಂದದ್ದೆಲ್ಲ ಕೊಬ್ಬಾಗುತ್ತದೆ. ಈ ಧಾನ್ಯಗಳಲ್ಲಿ ಲೈಸಿನ್ ಶೇಕಡ ಕಾಲು ಭಾಗದ ಆಸುಪಾಸು. ಸೋಯಾ ಹಿಂಡಿಯಲ್ಲಿ ಅದರ ಹತ್ತರಷ್ಟು. ಕಡಲೆಕಾಯಿ ಹಿಂಡಿ ಈ ವಿಷಯದಲ್ಲಿ ಸೋಯಾಕ್ಕೆ ಸಮವಲ್ಲ, ಬೂಷ್ಟಿನ ಭಯವೂ ಉಂಟು. ಧಾನ್ಯವನ್ನು ಪೇಟೆ ನೋಡಿ ಬದಲಿಸಿ. ಹಿಂಡಿಗೆ ಮಾತ್ರ ಕೈ ಹಾಕಬೇಡಿ. ಈಗ ನಾನು ನೂರು ಕಿಲೋಗೆ ಹಾಕುವುದು ನುಚ್ಚು 65, ಸೋಯಾ ಹಿಂಡಿ 20, ಹೊಸ ತೌಡು 12, ಖನಿಜ ಮಿಶ್ರಣ ಮತ್ತು ಉಪ್ಪು ಸೇರಿ 3 ಕಿಲೋ.

ಇನ್ನು ಸಂಘದ ವಿಷಯ. ಗೊಬ್ಬರ, ಮೈಲುತುತ್ತ ಒಟ್ಟಿಗೆ ತರಿಸುವ ನಾವು ನುಚ್ಚು, ಹಿಂಡಿಯನ್ನು ಮಾತ್ರ ಒಬ್ಬೊಬ್ಬರೇ ಚೀಲದ ಲೆಕ್ಕದಲ್ಲಿ ಕೊಳ್ಳುತ್ತಿದ್ದೇವೆ. ಹಂದಿಯ ವ್ಯವಹಾರ ಸಂಘಕ್ಕೆ ಶೋಭೆಯಲ್ಲವೆಂದು ಕೆಲವು ಹಿರಿಯ ನಿರ್ದೇಶಕರು ಹೇಳುತ್ತಾರೆ. ಅವರ ಮೇಲಿನ ಗೌರವಕ್ಕೆ ಕುಂದಿಲ್ಲ. ಆದರೆ ಅಡಿಕೆಗೆ ಕೊಳೆರೋಗ ಬಂದ ವರ್ಷ ಸಣ್ಣ ಹಿಡುವಳಿದಾರರ ಮಕ್ಕಳ ಶಾಲೆಯ ಫೀಸು ಕಟ್ಟಿದ್ದು ಹಂದಿ ಮಾರಿದ ಹಣವೇ ಎಂಬುದು ಅವರಿಗೂ ಗೊತ್ತು. ಮೇ ತಿಂಗಳಲ್ಲೇ ಒಂದು ಲೋಡು ತರಿಸಿ, ತೇವಾಂಶ ಶೇಕಡ 12ಕ್ಕಿಂತ ಹೆಚ್ಚಿದ್ದರೆ ವಾಪಸು ಕಳಿಸುವ ಷರತ್ತಿನೊಂದಿಗೆ ಕೊಳ್ಳಬೇಕೆಂಬುದು ನನ್ನ ಸೂಚನೆ. ಗೋದಾಮಿನಲ್ಲಿ ಜಾಗವಿದೆ. ಎಷ್ಟು ಹಂದಿ, ತಿಂಗಳಿಗೆ ಎಷ್ಟು ಚೀಲ ಬೇಕು ಎಂಬುದನ್ನು ಮುಂದಿನ ಸಭೆಯೊಳಗೆ ಕಚೇರಿಯಲ್ಲಿ ಬರೆಸಿ.