ಲಾರಿಯ ಸ್ಟೇರಿಂಗ್ ಪಂಪು: ಸ್ವಂತ ಕೈಯೋ, ಗ್ಯಾರೇಜೋ?

'ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು' ಎಂಬ ಗಾದೆಯನ್ನು ಊರಿನಿಂದ ಬರುವಾಗ ಗಂಟು ಕಟ್ಟಿಕೊಂಡೇ ಬಂದವರು ಮುಂಬಯಿಯ ತುಳು-ಕನ್ನಡಿಗರು. ಅಡುಗೆಯವ ಬಾರದ ದಿನ ಗಲ್ಲೆಯಿಂದ ಎದ್ದು ಬಂದು ತಾನೇ ದೋಸೆ ಹೊಯ್ದ ಹೊಟೇಲ್ ಮಾಲಕರು ಬೇಕಾದಷ್ಟಿದ್ದಾರೆ. ಅದೇ ಗುಣ ಸಾರಿಗೆ ಉದ್ಯಮಕ್ಕೆ ಇಳಿದವರಲ್ಲೂ ಇದೆ. ಕಳಂಬೋಲಿಯ ಉಕ್ಕು ಮಾರುಕಟ್ಟೆ, ವಾಶಿಯ ಎಪಿಎಂಸಿ, ಭಿವಂಡಿಯ ಗೋದಾಮುಗಳ ನಡುವೆ ಒಂದೆರಡು ಲಾರಿ ಇಟ್ಟುಕೊಂಡು ಬದುಕು ಕಟ್ಟಿಕೊಂಡ ಸಣ್ಣ ಮಾಲಕರು ಪ್ರತಿಯೊಂದು ರಿಪೇರಿಗೂ ಗ್ಯಾರೇಜಿನ ಬಾಗಿಲು ತಟ್ಟುವುದಿಲ್ಲ. ಹಾಗೆ ತಟ್ಟಿದರೆ ಬ್ಯಾಂಕಿನ ಕಂತು ಕಟ್ಟಿ ಮನೆಗೆ ಒಯ್ಯಲು ಏನೂ ಉಳಿಯುವುದಿಲ್ಲ. ಆದರೆ ಪವರ್ ಸ್ಟೇರಿಂಗ್ ಪಂಪು ಕೆಟ್ಟಾಗಲೂ ಇದೇ ಗಾದೆಯನ್ನು ಹಿಡಿದು ಹೊರಡಬಹುದೇ ಎಂಬುದು ಯೋಚಿಸಬೇಕಾದ ವಿಷಯ.

ಈ ಪಂಪು ಗಾತ್ರದಲ್ಲಿ ಸಣ್ಣದು, ಕೆಲಸದಲ್ಲಿ ದೊಡ್ಡದು. ಇಂಜಿನ್ನಿನ ಬಲದಿಂದ ತಿರುಗಿ, ಲಾರಿಯ ಟಯರಿನ ಗಾಳಿಯ ಒತ್ತಡದ ಹತ್ತು ಪಟ್ಟಿಗೂ ಮೀರಿದ ಒತ್ತಡದಲ್ಲಿ ಎಣ್ಣೆಯನ್ನು ಸ್ಟೇರಿಂಗ್ ಗೇರ್ ಬಾಕ್ಸಿಗೆ ನೂಕುತ್ತದೆ. ಹತ್ತಾರು ಟನ್ ಭಾರದ ಗಾಡಿಯ ಮುಂದಿನ ಚಕ್ರಗಳು ಒಂದೇ ಕೈಯಲ್ಲಿ ತಿರುಗುವುದು ಇದರಿಂದಾಗಿ. ಪಂಪು ನಿಂತರೆ ಸ್ಟೇರಿಂಗ್ ಪೂರ್ತಿ ಕೈಬಿಡುವುದಿಲ್ಲ, ಕಬ್ಬಿಣದ ಜೋಡಣೆ ಹಾಗೆಯೇ ಇರುತ್ತದೆ. ಆದರೆ ಎರಡೂ ಕೈಯಲ್ಲಿ ಎಳೆದರೂ ತಿರುಗಲು ಸತಾಯಿಸುತ್ತದೆ. ಸಪಾಟು ರಸ್ತೆಯಲ್ಲಿ ಇದು ಬರೀ ತೊಂದರೆ. ಖಂಡಾಲದ ಬೋರ್ ಘಾಟಿನಲ್ಲೋ, ಶಿರಾಡಿಯ ತಿರುವಿನಲ್ಲೋ, ಎದುರಿನಿಂದ ಬಸ್ಸು ಬರುತ್ತಿರುವಾಗ ಆದರೆ ಅದು ಪ್ರಾಣದ ಪ್ರಶ್ನೆ.

ಸ್ಟೇರಿಂಗ್ ಬಿಗಿಯಾದ ಕೂಡಲೇ ಪಂಪಿನ ಮೇಲೆ ಅಪವಾದ ಹೊರಿಸುವುದು ಮೊದಲನೆಯ ತಪ್ಪು. ಟಾಕಿಯಲ್ಲಿ ಎಣ್ಣೆ ಇಳಿದಿರಬಹುದು. ಫಿಲ್ಟರ್ ಕಟ್ಟಿರಬಹುದು. ಬೆಲ್ಟಿನಿಂದ ತಿರುಗುವ ಪಂಪಾದರೆ ಬೆಲ್ಟ್ ಸಡಿಲವಾಗಿರಬಹುದು. ಎಣ್ಣೆ ಎಳೆಯುವ ಹೋಸಿನ ಕ್ಲಿಪ್ಪಿನ ಬಳಿ ಗಾಳಿ ಸೇರುತ್ತಿದ್ದರೆ ಎಣ್ಣೆಯಲ್ಲಿ ನೊರೆ ಬಂದು ಪಂಪು ಕೊರಗುಟ್ಟುತ್ತದೆ. ಇಷ್ಟನ್ನು ನೋಡಲು ಯಾವ ಮೇಸ್ತ್ರಿಯೂ ಬೇಕಾಗಿಲ್ಲ, ಕಾಲು ಗಂಟೆ ಸಾಕು. ಈ ತಪಾಸಣೆ ಮಾಡದೆ ಹೊಸ ಪಂಪಿಗೆ ದುಡ್ಡು ಸುರಿದ ಮೇಲೂ ಸ್ಟೇರಿಂಗ್ ಮೊದಲಿನಂತೆಯೇ ಇದ್ದರೆ ಗ್ಯಾರೇಜನ್ನು ದೂರಿ ಫಲವಿಲ್ಲ. ಪರಿಶೀಲನೆಯ ಮಟ್ಟಿಗೆ ಗಾದೆ ನೂರಕ್ಕೆ ನೂರು ಸರಿ.

ಪಂಪು ಬದಲಾಯಿಸುವುದು ಬೇರೆ ಮಾತು. ನೋಡುವವರಿಗೆ ಎರಡು ಪೈಪು, ನಾಲ್ಕು ಬೋಲ್ಟು. ಸಣ್ಣ ಗಾಡಿಯಲ್ಲಿ ಪಂಪು ಹೊರಗಡೆ ಬೆಲ್ಟಿಗೆ ಕೂತಿದ್ದರೆ, ಅನುಭವವಿರುವ ಕೈಗೆ ಇದು ಅಸಾಧ್ಯವೇನಲ್ಲ. ಅನೇಕ ದೊಡ್ಡ ಲಾರಿಗಳಲ್ಲಿ ಅದು ಇಂಜಿನ್ನಿನ ಗೇರಿಗೆ ಅಥವಾ ಏರ್ ಕಂಪ್ರೆಸರಿನ ಬೆನ್ನಿಗೆ ಜೋಡಿಸಿರುತ್ತದೆ. ನಿಜವಾದ ಕೆಲಸ ಇರುವುದು ಬೋಲ್ಟಿನಲ್ಲಲ್ಲ, ಸ್ವಚ್ಛತೆಯಲ್ಲಿ. ಸವೆದ ಪಂಪಿನ ಲೋಹದ ಪುಡಿ ಎಣ್ಣೆಯಲ್ಲಿ ಸೇರಿರುತ್ತದೆ. ಹಳೆಯ ಎಣ್ಣೆಯನ್ನು ಪೂರ್ತಿ ತೆಗೆದು, ಟಾಕಿ ತೊಳೆದು, ಫಿಲ್ಟರ್ ಬದಲಿಸದಿದ್ದರೆ ಆ ಪುಡಿ ಹೊಸ ಪಂಪನ್ನೂ ತಿನ್ನುತ್ತದೆ. ಹಳೆಯ ವಾಶರನ್ನೇ ಪುನಃ ಹಾಕಿದರೆ ಸೋರುತ್ತದೆ. ಕಂಪೆನಿ ಹೇಳಿದ ಎಣ್ಣೆ ಬಿಟ್ಟು ಕೈಗೆ ಸಿಕ್ಕಿದ್ದನ್ನು ಸುರಿದರೆ ಸೀಲುಗಳು ಹೋಗುತ್ತವೆ. ಕೊನೆಗೆ ಮುಂದಿನ ಚಕ್ರ ಎತ್ತಿ, ಸ್ಟೇರಿಂಗನ್ನು ಆಚೀಚೆ ನಿಧಾನವಾಗಿ ತಿರುಗಿಸುತ್ತ, ಎಣ್ಣೆ ಹಾಕುತ್ತ ಗಾಳಿ ಬಿಡಿಸಬೇಕು. ಈ ತಾಳ್ಮೆ ಇಲ್ಲದ್ದರಿಂದಲೇ ಹೊಸ ಪಂಪು ಒಣಗಿ ತಿರುಗಿ ಕೆಟ್ಟುಹೋಗುವುದುಂಟು.

ಈಗ ಲೆಕ್ಕ ನೋಡೋಣ. ಉದಾಹರಣೆಗೆ ತಿಂಗಳ ಕಂತು 42,000 ರೂ., ಚಾಲಕನ ಸಂಬಳ 18,000 ರೂ. ಎಂದಿಟ್ಟುಕೊಂಡರೆ, ಗಾಡಿ ಓಡಲಿ ಓಡದಿರಲಿ, ದಿನಕ್ಕೆ 2,000 ರೂ. ಖರ್ಚು ಬಂದೇ ಬರುತ್ತದೆ. ಗ್ಯಾರೇಜಿನವರ ಕೂಲಿ 2,500 ರೂ., ಅದಕ್ಕೆ ಶೇ. 18 ಜಿಎಸ್‌ಟಿ ಸೇರಿ 2,950 ರೂ. ಎನ್ನೋಣ. ಅವರು ಅರ್ಧ ದಿನದಲ್ಲಿ ಮುಗಿಸಿದರೆ ಒಟ್ಟು ಹೊರೆ 3,950 ರೂ. ಮಾಲಕ ತಾನೇ ಮಾಡಲು ಹೋಗಿ ಎರಡು ದಿನ ಗಾಡಿ ನಿಂತರೆ 4,000 ರೂ. ಕೂಲಿ ಉಳಿಸಲು ಹೋಗಿ 50 ರೂ. ಕೈಬಿಟ್ಟಂತಾಯಿತು, ತಪ್ಪಿದ ಬಾಡಿಗೆ ಬೇರೆ. ಅದೇ ಗ್ಯಾರೇಜಿನಲ್ಲಿ ಸರದಿ ಕಾದು ಎರಡು ದಿನ ಹೋದರೆ ಹೊರೆ 6,950 ರೂ.ಗೆ ಏರುತ್ತದೆ. ಅಂದರೆ ಈ ಲೆಕ್ಕವನ್ನು ನಿರ್ಧರಿಸುವುದು ಕೂಲಿಯಲ್ಲ, ಗಾಡಿ ನಿಂತ ದಿನಗಳು. ಹೆಚ್ಚಿನವರು ಪಂಪಿನ ಬೆಲೆ, ಮೇಸ್ತ್ರಿಯ ಕೂಲಿ ಇವೆರಡನ್ನೇ ಬರೆದು ಗೀಟು ಎಳೆದುಬಿಡುತ್ತಾರೆ.

ಬಿಲ್ಲಿನ ವಿಷಯವೂ ಹೀಗೆಯೇ. ಹತ್ತಕ್ಕಿಂತ ಹೆಚ್ಚು ಲಾರಿ ಇಲ್ಲದ ಮಾಲಕರಿಗೆ ಅಂದಾಜು ಆದಾಯದ ಮೇಲೆ ಆದಾಯ ತೆರಿಗೆ ಕಟ್ಟುವ ಸೌಲಭ್ಯವಿದೆ. ಅದರಲ್ಲಿ ರಿಪೇರಿ ಖರ್ಚನ್ನು ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ. ಹಾಗಾಗಿ 'ಬಿಲ್ಲು ಯಾಕೆ?' ಎಂದು ಕೇಳುವವರಿದ್ದಾರೆ. ಬಿಲ್ಲು ಬೇಕಾಗಿರುವುದು ತೆರಿಗೆಗಲ್ಲ, ವಾರಂಟಿಗೆ. ಪಂಪು ಮೂರು ತಿಂಗಳಲ್ಲಿ ಕೆಟ್ಟರೆ ಅಂಗಡಿಯವ ಮೊದಲು ಕೇಳುವುದೇ ಬಿಲ್ಲು ಎಲ್ಲಿ, ಜೋಡಿಸಿದವರು ಯಾರು ಎಂದು. ವಿಮೆಯೂ ಇಲ್ಲಿ ನೆರವಿಗೆ ಬಾರದು. ಸವೆದು ಹೋದ, ಯಾಂತ್ರಿಕವಾಗಿ ಕೆಟ್ಟ ಭಾಗಗಳನ್ನು ಸಾಮಾನ್ಯ ಮೋಟಾರು ಪಾಲಿಸಿ ಹೊರಗಿಟ್ಟಿದೆ.

ಇದೆಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. 'ನಾವೇ ಮಾಡಿಕೊಳ್ಳುತ್ತೇವೆ' ಎಂದು ಮಾಲಕ ಹೇಳುವಾಗ ಗಾಡಿಯ ಅಡಿಗೆ ಹೋಗುವುದು ಹೆಚ್ಚಾಗಿ ಆತನಲ್ಲ, ಚಾಲಕ. ರಾತ್ರಿಯಿಡೀ ಗಾಡಿ ಓಡಿಸಿ ಬಂದವನು ಬೆಳಗ್ಗೆ ಟರ್ಮಿನಲಿನ ಕೆಸರಿನಲ್ಲಿ ಗೋಣಿ ಹಾಸಿ ಮಲಗಿ ಬೋಲ್ಟು ಬಿಚ್ಚುತ್ತಾನೆ. ಬರೇ ಜ್ಯಾಕಿನ ಮೇಲೆ ನಿಂತ ಲಾರಿ ಜಾರಿದರೆ, ಬಿಸಿ ಎಣ್ಣೆ ಮುಖಕ್ಕೆ ಹಾರಿದರೆ ನೋವು ಅವನದು. ಒತ್ತಡದ ಎಣ್ಣೆ ಸೂಜಿಯ ಹಾಗೆ ಚರ್ಮದೊಳಗೆ ನುಗ್ಗಬಲ್ಲುದರಿಂದ, ಸೋರುವ ಜಾಗವನ್ನು ಕೈಯಿಂದ ಸವರಿ ಹುಡುಕಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕೆಂದು ಅವನಿಗೆ ಹೇಳಿದವರು ಯಾರು? ಈ ಕೆಲಸಕ್ಕೆ ಅವನಿಗೆ ಪ್ರತ್ಯೇಕ ಕೂಲಿ ಇದೆಯೇ? ಮರುದಿನ ಅದೇ ಗಾಡಿಯಲ್ಲಿ ಘಾಟಿ ಇಳಿಯುವವನೂ ಅವನೇ. ಅವನ ಬೆವರಿನಿಂದ ಆದ ಉಳಿತಾಯವನ್ನು ಮಾಲಕನ ಜಾಣತನವೆಂದು ಕರೆಯುವುದು ನ್ಯಾಯವಲ್ಲ.

ಆದ್ದರಿಂದ ಸಣ್ಣ ಮಾಲಕರು ಒಂದು ಗೆರೆ ಎಳೆದುಕೊಳ್ಳುವುದು ಒಳಿತು. ಎಣ್ಣೆ, ಫಿಲ್ಟರ್, ಬೆಲ್ಟ್, ಹೋಸುಗಳ ತಪಾಸಣೆ ಸ್ವಂತ ಕೈಯಲ್ಲಿರಲಿ. ಬೆಲ್ಟಿನ ಪಂಪಾಗಿದ್ದು, ಕೆಲಸ ಬಲ್ಲವರು, ಸಪಾಟಾದ ಜಾಗ, ಗಟ್ಟಿ ಸ್ಟ್ಯಾಂಡು ಇದ್ದರೆ ಸ್ವತಃ ಬದಲಾಯಿಸಲು ಅಡ್ಡಿಯಿಲ್ಲ. ಗೇರಿಗೆ ಕೂತ ಪಂಪನ್ನು ಗ್ಯಾರೇಜಿಗೇ ಕೊಡಬೇಕು. ಆದರೆ ಕೀಲಿಕೈ ಕೊಟ್ಟು ಕೈತೊಳೆದುಕೊಳ್ಳದೆ ಪಕ್ಕದಲ್ಲಿ ನಿಲ್ಲಬೇಕು. ಫಿಲ್ಟರ್ ಬದಲಿಸಿದಿರಾ, ಗಾಳಿ ಬಿಡಿಸಿದಿರಾ, ಹಳೆಯ ಪಂಪು ಎಲ್ಲಿ ಎಂದು ಕೇಳಬೇಕು. ತಿಳಿದು ಕೇಳುವ ಗಿರಾಕಿಗೆ ಮೇಸ್ತ್ರಿಯೂ ಮರ್ಯಾದೆ ಕೊಡುತ್ತಾನೆ.

ಈ ವಿಷಯದಲ್ಲಿ ಸಂಘ-ಸಂಸ್ಥೆಗಳ ಪಾತ್ರವೂ ಇದೆ. ಹೊಟೇಲಿನಲ್ಲಿ ದುಡಿಯುತ್ತಿದ್ದ ಹುಡುಗರಿಗೆ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿಸಿದ ಪರಂಪರೆ ಮುಂಬಯಿ ಕನ್ನಡಿಗರದು. ಆ ಶಾಲೆಗಳಿಂದ ಬಂದವರು ಇಂದು ಅನೇಕ ವೇದಿಕೆಗಳ ಮೇಲೆ ಶಾಲು ಹೊದ್ದು ಕುಳಿತಿದ್ದಾರೆ. ವಾರ್ಷಿಕೋತ್ಸವ, ಸನ್ಮಾನಗಳ ನಡುವೆ ವರ್ಷಕ್ಕೊಂದು ಭಾನುವಾರ, ನುರಿತ ಮೇಸ್ತ್ರಿಯೊಬ್ಬರನ್ನು ಕರೆದು ಚಾಲಕರಿಗೂ ಸಣ್ಣ ಮಾಲಕರಿಗೂ ಗಾಡಿಯ ಪಾಠ ಹೇಳಿಸುವುದು ದೊಡ್ಡ ಖರ್ಚಿನ ಬಾಬತ್ತಲ್ಲ. ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದು ಸ್ಟೇರಿಂಗ್ ಹಿಡಿದ ಕೈಗೆ ಅಷ್ಟು ತಿಳುವಳಿಕೆ ಕೊಟ್ಟರೆ, ಆ ಗಾಡಿ ಘಾಟಿ ಇಳಿದು ಕ್ಷೇಮವಾಗಿ ಮನೆ ಸೇರುತ್ತದೆ.